ಕಂಪ್ಯೂಟರ್ ಕೋಣೆಗೆ ಗೋಣಿಬಟ್ಟೆಯ ನೆಲ

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ನನಗೆ ‘ಗೋಣಿಚೀಲದ ಮೇಡಂ’ ಎಂದು ಹೆಸರಿಟ್ಟಿದ್ದರು. ಎದುರಿಗೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಬೆನ್ನ ಹಿಂದೆ ಕರೆಯುತ್ತಿದ್ದರು, ನನ್ನ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ. ತೊಂಬತ್ತರ ದಶಕದ ನಡುವಿನ ಮಾತು. ನಾನು ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಬಂದವಳು. ಇಡೀ ಶೆಡ್ಡಿಗೆ ಹೆಣ್ಣು ಎಂಜಿನಿಯರ್ ನಾನೊಬ್ಬಳೇ. ಮೂಗಿನ ತುದಿಯಲ್ಲೇ ಕೋಪ ಬೇರೆ.

ನಮ್ಮದು ಬಾಗಿಲು, ಪಾರ್ಟಿಷನ್ ಮಾಡುವ ಕಾರ್ಖಾನೆ. ಯಜಮಾನರು ಹಾವೇರಿ ಕಡೆಯವರು, ಹಣೆಗೆ ವಿಭೂತಿ ಹಚ್ಚದೆ ಯಂತ್ರದ ಸ್ವಿಚ್ಚು ಮುಟ್ಟದವರು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದು ತನ್ನ ಕಂಪ್ಯೂಟರ್ ಕೋಣೆಗೆ ಎತ್ತರಿಸಿದ ನೆಲ ಮಾಡಿಕೊಡುತ್ತೀರಾ ಎಂದು ಅವರನ್ನು ಕೇಳಿತ್ತು. ನಿಜವಾದ ನೆಲದಿಂದ ಒಂದಡಿ ಮೇಲಕ್ಕೆ ಕಬ್ಬಿಣದ ಕಾಲುಗಳನ್ನು ನಿಲ್ಲಿಸಿ, ಅವುಗಳ ಮೇಲೆ ಎರಡಡಿ ಚೌಕದ ಹಲಗೆಗಳನ್ನು ಜೋಡಿಸಬೇಕು. ಅಡಿಯಲ್ಲಿ ವೈರುಗಳು ಓಡಾಡುತ್ತವೆ, ಎಸಿಯ ಗಾಳಿ ಓಡಾಡುತ್ತದೆ. ಹಲಗೆ ಒಬ್ಬನೇ ಎತ್ತಿ ಪಕ್ಕಕ್ಕಿಡುವಷ್ಟು ಹಗುರವಾಗಿರಬೇಕು. ಆದರೆ ಅದರ ಮೇಲೆ ಬೀರುವಿನ ಗಾತ್ರದ ಯಂತ್ರ ತಂದು ಇಟ್ಟರೂ ಜಗ್ಗಬಾರದು. ಹೊರದೇಶದಿಂದ ತರಿಸಿದರೆ ತಿಂಗಳುಗಟ್ಟಲೆ ಕಾಯಬೇಕಾಗಿತ್ತು.

ಯಜಮಾನರು ಹೊರಗಿನಿಂದ ಜೇನುಗೂಡಿನ ಹಾಗೆ ಗೂಡುಗೂಡಾಗಿ ಮಾಡಿದ ಕಾಗದ ಕೊಂಡು ತಂದು ಹಲಗೆಯ ಹೊಟ್ಟೆಗೆ ತುಂಬಿಸೋಣವೆಂದರು. ನಾನು ಬೇಡವೆಂದೆ. ಸೆಣಬಿನ ಬಟ್ಟೆಯಲ್ಲಿ ನಾವೇ ಜೇನುಗೂಡು ಕಟ್ಟೋಣ, ಕಾಗದಕ್ಕಿಂತ ಗಟ್ಟಿ ಬರುತ್ತದೆ ಎಂದು ವಾದಿಸಿದೆ. ಮೀಟಿಂಗಿನಲ್ಲಿ ಎಲ್ಲರೂ ನಕ್ಕರು. ಕಂಪ್ಯೂಟರಿನ ಅಡಿಗೆ ಗೋಣಿಚೀಲ ಹಾಸುತ್ತಾಳಂತೆ ಎಂದು ಊಟದ ಹೊತ್ತಿಗೆ ಸುದ್ದಿ ಗೇಟಿನವರೆಗೂ ಹೋಗಿತ್ತು. ನನಗೆ ಹೆಸರು ಬಿದ್ದಿದ್ದು ಆ ದಿನವೇ.

ನಗುವವರಿಗೆ ಏನು ಗೊತ್ತು? ಬಟ್ಟೆಯನ್ನು ರಾಳದಲ್ಲಿ ಅದ್ದಿ, ಹಿಂಡಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ಅದು ಶೀಟಿನ ಮನೆಯ ಛಾವಣಿಯ ಹಾಗೆ ಏರಿಳಿತವಾಗಿ ಗಟ್ಟಿಯಾಗುತ್ತದೆ. ಅದನ್ನು ಪಟ್ಟಿಪಟ್ಟಿಯಾಗಿ ಕೊಯ್ದು, ಉಬ್ಬಿಗೆ ಉಬ್ಬು ಅಂಟಿಸುತ್ತಾ ಹೋದರೆ ಆರು ಮೂಲೆಯ ಗೂಡುಗಳು ಏಳುತ್ತವೆ. ಮೇಲೊಂದು ಕೆಳಗೊಂದು ತೆಳುವಾದ ಪ್ಲೈವುಡ್ ಅಂಟಿಸಿದರೆ ಹಲಗೆ ಸಿದ್ಧ. ಗೂಡಿನ ಒಂದು ಗೋಡೆಯನ್ನು ಒಂಟಿಯಾಗಿ ಕೈಯಲ್ಲಿ ಹಿಡಿದರೆ ಬೆರಳಿನಿಂದಲೇ ಬಗ್ಗಿಸಬಹುದು. ಅಕ್ಕಪಕ್ಕದ ಗೋಡೆಗಳಿಗೆ ಆತುಕೊಂಡು ನಿಂತರೆ ಅದೇ ಗೋಡೆ ಬಗ್ಗುವುದಿಲ್ಲ. ಬಟ್ಟೆಯಲ್ಲಿ ಹಾಸು ಹೊಕ್ಕು ಎರಡೂ ಇರುವುದರಿಂದ ಎಳೆತ ಯಾವ ಕಡೆಯಿಂದ ಬಂದರೂ ಹಿಡಿದುಕೊಳ್ಳುವ ಎಳೆ ಇರುತ್ತದೆ. ಕಾಗದದಲ್ಲಿ ಆ ಎಳೆ ಎಲ್ಲಿಂದ ಬರಬೇಕು?

ಯಜಮಾನರು ನಗಲಿಲ್ಲ, ಅದು ಅವರ ದೊಡ್ಡತನ. ಶೆಡ್ಡಿನ ಹಿಂಬದಿಯ ಮೂಲೆ, ಒಂದು ಹಳೆಯ ಓವನ್, ಒಂದು ಪ್ರೆಸ್ಸು, ನಾಲ್ಕು ಜನ ಹೆಂಗಸರನ್ನು ಕೊಟ್ಟು, “ಮಾಡಿ ತೋರಸ್ರಿ” ಎಂದರು.

ಆ ನಾಲ್ವರಲ್ಲಿ ಹಿರಿಯರು ನನ್ನ ಮನೆಯ ಓನರಮ್ಮ. ಪೀಣ್ಯದ ಪಕ್ಕದ ಹಳ್ಳಿಯ ಮೂಲದವರು, ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಸಾಲಾಗಿ ಆರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು. ಅದರಲ್ಲೊಂದು ಮನೆಯಲ್ಲಿ ನಾನಿದ್ದೆ. ಅವರಿಗೆ ದುಡಿಯಲೇಬೇಕೆಂಬ ಅಗತ್ಯವಿರಲಿಲ್ಲ. “ಮನೇಲಿ ಕುಂತ್ರೆ ಕಾಲು ಇಡ್ಕಂತವೆ ಕಣವ್ವ, ನಂಗೂ ಒಂದು ಕೆಲ್ಸ ಕೊಡ್ಸು” ಎಂದು ನನ್ನ ಬೆನ್ನು ಹತ್ತಿ ಬಂದು ಸೇರಿದ್ದರು. ಕಳೆ ಕಿತ್ತು, ಪೈರು ನಾಟಿದ ಕೈ. ಉಬ್ಬಿಗೆ ಉಬ್ಬನ್ನು ಅವರು ಜೋಡಿಸಿದರೆ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಕಾರ್ಖಾನೆಯಲ್ಲಿ ನಾನು ಅವರಿಗೆ ಮೇಡಂ. ಮನೆಯಲ್ಲಿ ಅವರು ನನಗೆ ಯಜಮಾನಿ. ನೀರಿನ ಮೋಟಾರು ಜಾಸ್ತಿ ಹೊತ್ತು ಹಾಕಿದರೆ ಬೈಸಿಕೊಳ್ಳುವ ಸರದಿ ನನ್ನದು. ಸಂಜೆ ಸೊಪ್ಪಿನ ಸಾರು ಮಾಡಿದರೆ ಒಂದು ಬಟ್ಟಲು ನನ್ನ ಬಾಗಿಲಿಗೆ ಬರುತ್ತಿತ್ತು. ಮಾಂಸದ ಅಡುಗೆಯ ದಿನ ಮಾತ್ರ ಬಾಗಿಲು ಹಾಕಿಕೊಂಡೇ ಬೇಯಿಸುತ್ತಿದ್ದರು, ನಮ್ಮದು ಮಾಂಸ ತಿನ್ನದ ಮನೆತನ ಎಂದು ಗೊತ್ತಿದ್ದರಿಂದ.

ಬಟ್ಟೆಯದೇ ತೊಂದರೆಯಾಯಿತು. ಮಾರುಕಟ್ಟೆಯಲ್ಲಿ ಸಿಗುವ ಗೋಣಿಬಟ್ಟೆ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ಜರಡಿಯ ಹಾಗೆ ಇರುತ್ತಿತ್ತು. ನನಗೆ ಒಂದೇ ಸಮನಾದ ನೇಯ್ಗೆ ಬೇಕಿತ್ತು. ಕೇಳುತ್ತಾ ಹುಡುಕುತ್ತಾ ಹೋಗಿ, ಅತ್ತಿಬೆಲೆಯಿಂದಾಚೆ ಒಂದು ಊರಿನಲ್ಲಿ ಕೈಮಗ್ಗ ಇಟ್ಟುಕೊಂಡಿದ್ದ ನೇಕಾರರೊಬ್ಬರನ್ನು ಹಿಡಿದೆ. ಸೀರೆ ನೇಯ್ದು ಹೆಸರು ಮಾಡಿದವರು. ಸೆಣಬಿನ ನೂಲಿನ ಉಂಡೆ ಕೈಗೆ ಕೊಟ್ಟಾಗ ಸತ್ತ ಹಾವನ್ನು ಹಿಡಿದವರಂತೆ ಮುಖ ಮಾಡಿದರು. ಆದರೂ ನಾಲ್ಕು ಗಜ ನೇಯ್ದುಕೊಟ್ಟರು. ಅದರಲ್ಲಿ ಮೊದಲ ಹಲಗೆ ಮಾಡಿ, ಶೆಡ್ಡಿನ ನಡುವೆ ನಾಲ್ಕು ಕಾಲಿನ ಮೇಲಿಟ್ಟು, ಮರಳಿನ ಚೀಲಗಳನ್ನು ಒಂದರ ಮೇಲೊಂದು ಪೇರಿಸಿದೆ. ಹಲಗೆ ಮಿಸುಕಲಿಲ್ಲ. ಲೇತ್ ಯಂತ್ರದವರು, ವೆಲ್ಡಿಂಗಿನವರು ಎಲ್ಲ ಕೆಲಸ ಬಿಟ್ಟು ಬಂದು ನೋಡಿದರು. ಆ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಅದೇ ಉಮೇದಿನಲ್ಲಿ ಅತ್ತಿಬೆಲೆಗೆ ಓಡಿ, ಇನ್ನೂರು ಗಜಕ್ಕೆ ಹೇಳಿದೆ. “ಇದನ್ನ ಗೋಣಿ ಅಂತ ತಿಳ್ಕೋಬೇಡಿ ಅಣ್ಣ. ರೇಷ್ಮೆ ಸೀರೆಗೆ ಹೇಗೆ ಮಾಡ್ತೀರೋ ಹಾಗೇ ಮಾಡಿ” ಎಂದೆ. ಅವರಿಗೆ ಆ ಮಾತು ತಾಗಿತು. ಮುಂದಿನ ವಾರ ಹೋದಾಗ ಬೀದಿಯುದ್ದಕ್ಕೂ ಸೆಣಬಿನ ಹಾಸನ್ನು ಬಿಗಿಯಾಗಿ ಹರಡಿ, ಅವರ ಮನೆಯವರೆಲ್ಲ ಎರಡೂ ಬದಿಗೆ ನಿಂತು ಕುಂಚವನ್ನು ಬಕೀಟಿಗೆ ಅದ್ದಿ ಅದ್ದಿ ತೀಡುತ್ತಿದ್ದರು. ನಾರಿನ ಜುಂಗೆಲ್ಲ ಕೂತು, ಎಳೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನಾನು ನಿಂತು ನೋಡಿ, ಬಾಯ್ತುಂಬ ಹೊಗಳಿ, ಅವರ ಮನೆಯ ಕಾಫಿ ಕುಡಿದು ಬಂದೆ. ಎಂಜಿನಿಯರಿಂಗ್ ಓದಿದ ನನಗೆ ಆ ಬಕೀಟಿನಲ್ಲಿ ಏನಿದೆ ಎಂದು ಕೇಳಬೇಕೆಂದು ಹೊಳೆಯಲೇ ಇಲ್ಲ.

ಬಟ್ಟೆ ಬಂತು. ಎಷ್ಟು ಚೆಂದವಿತ್ತೆಂದರೆ ಮಡಿಕೆ ಬಿಚ್ಚಿದಾಗ ಹೆಂಗಸರು ಕೆನ್ನೆಗೆ ಒತ್ತಿಕೊಂಡು ನೋಡಿದರು. ಒರಟು ಬಟ್ಟೆಯೇ ಅಷ್ಟು ತೂಕ ಹೊತ್ತಿರುವಾಗ ಇದಕ್ಕೆ ಬೇರೆ ಪರೀಕ್ಷೆ ಯಾಕೆಂದು ನಾನು ನೇರವಾಗಿ ಹಲಗೆ ಮಾಡಿಸಿ, ಗಿರಾಕಿ ಕಂಪನಿಯ ಇನ್ಸ್‌ಪೆಕ್ಟರನ್ನು ಕರೆಸಿಬಿಟ್ಟೆ. ನನ್ನ ಅಹಂಕಾರಕ್ಕೆ ಇನ್ನೊಂದು ಹೆಸರಿಲ್ಲ.

ಪರೀಕ್ಷೆ ನಮ್ಮ ರಸ್ತೆಯಲ್ಲೇ ಇದ್ದ ಒಂದು ಪ್ರಯೋಗಾಲಯದಲ್ಲಿ. ಹಲಗೆಯನ್ನು ನಾಲ್ಕು ಕಾಲಿನ ಮೇಲಿಟ್ಟು, ಯಂತ್ರದ ಉಕ್ಕಿನ ಗುಂಡು ತಲೆಯನ್ನು ಸರಿಯಾಗಿ ನಡುವಿಗೆ ಇಳಿಸಿದರು. ಐನೂರು ಕಿಲೋ ಹೊರಬೇಕಿತ್ತು. ಮುಳ್ಳು ಇನ್ನೂರು ದಾಟಿತ್ತಷ್ಟೆ, ಹಲಗೆಯ ಒಳಗಿನಿಂದ ಹಪ್ಪಳ ಮುರಿದಂತೆ ಸದ್ದು ಬಂತು. ಇನ್ನೂರೈವತ್ತಕ್ಕೆ ನಡು ಕುಸಿದು ಕೂತಿತು. ಟೈ ಕಟ್ಟಿಕೊಂಡಿದ್ದ ಇನ್ಸ್‌ಪೆಕ್ಟರ್ ಪೆನ್ನಿನ ಮುಚ್ಚಳ ಹಾಕುತ್ತಾ, “ಮೇಡಂ, ಗೋಣೀಲಿ ಆಲೂಗಡ್ಡೆ ತುಂಬ್ಸೋದೇ ಒಳ್ಳೇದು ಅನ್ಸುತ್ತೆ” ಎಂದರು. ನನ್ನ ಮೈಯೆಲ್ಲ ಉರಿಯಿತು.

ಯಜಮಾನರು ಅವರ ಹತ್ತಿರ ಮಾತಾಡಿ ಇನ್ನೊಂದು ಅವಕಾಶ ಕೇಳಿಕೊಂಡರು. ಮುಂದಿನ ವಾರ ಅದೇ ದಿನ ಎಂದು ನಿಗದಿಯಾಯಿತು. ಹೊರಗೆ ಬಂದು ನನಗೆ ಹೇಳಿದರು: “ನೋಡ್ರಿ ತಂಗಿ, ನಾ ನಿಮ್ಮ ಮಾತಿಗೆ ಬೆಲೆ ಕೊಟ್ಟೇನಿ. ಮುಂದಿನ ಸಲಾನೂ ಇದು ಬಿತ್ತಂದ್ರ, ಆ ಮೂಲಿ ಖಾಲಿ ಮಾಡಸ್ತೇನಿ. ಕಾಗದಾನ ತರಸೂಣು.” ಮೂಲೆ ಖಾಲಿಯಾದರೆ ನಾಲ್ವರು ಹೆಂಗಸರೂ ಮನೆಗೆ. ನಾನು ಮತ್ತೆ ಬಾಗಿಲ ಚೌಕಟ್ಟಿನ ನಕ್ಷೆ ಬರೆಯುವ ಮೇಜಿಗೆ. ಸೆಣಬಿನ ಹೆಸರನ್ನು ಆ ಶೆಡ್ಡಿನಲ್ಲಿ ಇನ್ನು ಯಾರೂ ಎತ್ತುವ ಹಾಗಿರಲಿಲ್ಲ.

ನಾನು ಮಾಡಿದ ಕೆಟ್ಟ ಕೆಲಸ ಇನ್ನು ಬರುತ್ತದೆ. ಶೆಡ್ಡಿಗೆ ವಾಪಸ್ಸು ಬಂದು ಮುರಿದ ಹಲಗೆ ಬಿಚ್ಚಿದರೆ ಗೂಡುಗಳ ಅಂಟು ಬಿಟ್ಟಿತ್ತು. ಅದಕ್ಕೆ ಕಾರಣ ಹುಡುಕಿದೆ. ಜಿಡ್ಡು ತಾಗಿದರೆ ಅಂಟು ಹಿಡಿಯುವುದಿಲ್ಲ ಎಂಬುದು ಓದಿ ಗೊತ್ತಿತ್ತು. ಓನರಮ್ಮ ದಿನವೂ ತಲೆಗೆ ಹರಳೆಣ್ಣೆ ಹಚ್ಚಿ, ಬಿಗಿದು ತುರುಬು ಕಟ್ಟಿಕೊಂಡು ಬರುವವರು. ಕೆಲಸದ ನಡುವೆ ಕೈ ತುರುಬಿಗೆ ಹೋಗುವುದನ್ನು ನಾನು ನೋಡಿದ್ದೆ. ಅಷ್ಟು ಸಾಕಾಯಿತು. ಎಲ್ಲರ ಎದುರಿಗೆ, ಲೇತಿನವರೂ ಕೇಳುವ ಹಾಗೆ, “ನಿಮ್ಮ ತಲೆ ಎಣ್ಣೆಯಿಂದ ನನ್ನ ಮರ್ಯಾದೆ ಹೋಯ್ತು” ಎಂದು ಕೂಗಾಡಿದೆ. ಅವರು ಕೈ ತೊಳೆದುಕೊಂಡು, ಉಳಿದಿದ್ದ ಬಟ್ಟೆಯ ತುಂಡೊಂದನ್ನು ಮಡಿಚಿ ಸೆರಗಿನೊಳಗೆ ಇಟ್ಟುಕೊಂಡು ಹೋದರು. ಆ ಸಂಜೆ ನನ್ನ ಬಾಗಿಲಿಗೆ ಸಾರಿನ ಬಟ್ಟಲು ಬರಲಿಲ್ಲ.

ಬೆಳಗ್ಗೆ ಹಲ್ಲುಜ್ಜುತ್ತಿದ್ದೆ. ಬಾಗಿಲು ಧಡಧಡ ಬಡಿದ ಸದ್ದಾಯಿತು. ಓನರಮ್ಮ ಒಂದು ಅಗಲವಾದ ಅಲ್ಯೂಮಿನಿಯಂ ಬೋಗುಣಿ ಹಿಡಿದು ನಿಂತಿದ್ದರು. ಬಿಸಿನೀರಿನಲ್ಲಿ ಆ ಬಟ್ಟೆಯ ತುಂಡು ಮುಳುಗಿತ್ತು.

“ಎಣ್ಣೆ ಇದ್ರೆ ಬಿಸ್ನೀರಲ್ಲಿ ಮ್ಯಾಕೆ ತೇಲ್ಬೇಕು ತಾನೆ? ನೋಡು, ಕಣ್ಬಿಟ್ಟು ನೋಡು. ಎಲ್ಲೈತೆ ನನ್ ಎಣ್ಣೆ?”

ಬಗ್ಗಿ ನೋಡಿದೆ. ಎಣ್ಣೆಯ ಒಂದು ಚುಕ್ಕಿಯೂ ಇರಲಿಲ್ಲ. ಆದರೆ ನೀರು ಬೆಳ್ಳಗಾಗಿತ್ತು. ಬೆರಳು ಅದ್ದಿ ಉಜ್ಜಿದರೆ ಲೋಳೆ. ಅನ್ನ ಬಸಿದ ನೀರಿನ ವಾಸನೆ.

“ಇದು ಗಂಜಿ” ಎಂದೆ, ನನಗೆ ನಾನೇ ಹೇಳಿಕೊಂಡ ಹಾಗೆ.

“ಗಂಜಿ ಅಂತ ನಂಗೂ ಗೊತ್ತು, ನಾನೂ ಸೀರೆಗೆ ಆಕ್ತೀನಿ. ನಾನ್ ಕೇಳಿದ್ದು ಎಣ್ಣೆ ಎಲ್ಲೈತೆ ಅಂತ.”

ಅತ್ತಿಬೆಲೆಯ ಬೀದಿ, ಬಕೀಟು, ಕುಂಚ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು. ಮೊದಲ ನಾಲ್ಕು ಗಜಕ್ಕೆ ಅವರು ಗಂಜಿ ಹಾಕಿರಲಿಲ್ಲ, ಅಷ್ಟು ಚಿಕ್ಕ ತುಂಡಿಗೆ ಯಾರು ಆ ಗೋಜಿಗೆ ಹೋಗುತ್ತಾರೆ? ಇನ್ನೂರು ಗಜಕ್ಕೆ ಹಾಕಿದ್ದರು. ಸೀರೆಯ ಹಾಗೆ ಮಾಡಿ ಎಂದು ನಾನೇ ಕೇಳಿಕೊಂಡಿದ್ದೆನಲ್ಲ! ಗಂಜಿ ಎಳೆಗಳ ಸಂದನ್ನೆಲ್ಲ ಮುಚ್ಚಿತ್ತು. ರಾಳ ನಾರಿನ ಒಳಕ್ಕೆ ಇಳಿಯದೆ ಮೇಲೆ ಮೇಲೆ ಬಳಿದುಕೊಂಡು ಕೂತಿತ್ತು. ಭಾರ ಬಿದ್ದ ಕೂಡಲೇ ಹಪ್ಪಳವಾಯಿತು.

ಕಾರ್ಖಾನೆಗೆ ಓಡಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಟಿಂಚರ್ ಅಯೋಡಿನ್ ತೆಗೆದು ಹೊಸ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟೆ. ಕಪ್ಪಿಗೆ ತಿರುಗುವಷ್ಟು ನೀಲಿಯಾಯಿತು. ಹಳೆಯ ನಾಲ್ಕು ಗಜದ ಚೂರಿನ ಮೇಲೆ ಬಿಟ್ಟೆ. ಕಂದು ಕಂದಾಗಿಯೇ ಉಳಿಯಿತು. ಗಂಜಿಯಿದ್ದರೆ ಅಯೋಡಿನ್ ನೀಲಿಯಾಗುತ್ತದೆ ಎಂಬ ಎಂಟನೇ ತರಗತಿಯ ಆಲೂಗಡ್ಡೆಯ ಪ್ರಯೋಗ! ಇಷ್ಟು ದೊಡ್ಡ ಓದು ಓದಿ ಬಂದು ಅದನ್ನು ಮರೆತಿದ್ದೆ.

ಕೂಗಾಡಿದ್ದು ಎಲ್ಲರ ಎದುರಿಗೆ. ಹಾಗಾಗಿ ತಪ್ಪೊಪ್ಪಿಕೊಳ್ಳುವುದೂ ಎಲ್ಲರ ಎದುರಿಗೇ ಆಗಬೇಕಿತ್ತು. ಲೇತುಗಳನ್ನು ನಿಲ್ಲಿಸಲು ಹೇಳಿ, “ನಿನ್ನೆ ನಾನು ಇವರನ್ನು ಬೈದದ್ದು ತಪ್ಪು. ಎಣ್ಣೆಯಿಂದ ಏನೂ ಆಗಿಲ್ಲ. ಹಾಳು ಮಾಡಿದವಳು ನಾನು” ಎಂದೆ. ಓನರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, “ಸರಿ ಬುಡು, ಈಗ ಏನ್ ಮಾಡ್ಬೇಕು ಏಳು” ಎಂದರು.

ಮಾಡಬೇಕಾದ್ದು ಗಂಜಿ ಬಿಡಿಸುವುದು. ಮೊದಲ ದಿನ ಕುದಿಯುವ ನೀರಿಗೆ ಹಾಕಿ ಸೋಪಿನಲ್ಲಿ ತಿಕ್ಕಿದೆವು. ಅಯೋಡಿನ್ ಹನಿ ಇನ್ನೂ ನೀಲಿಯೇ. ನಾನು ಅತ್ತಿಬೆಲೆಗೆ ಹೋಗಿ ನೇಕಾರರಿಗೆ ಸಂಗತಿ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. “ನಾಲ್ಕು ಗಜ ಹೇಗೋ ಆಯ್ತು, ಇನ್ನೂರು ಗಜಕ್ಕೆ ಗಂಜಿ ಇಲ್ದಿದ್ರೆ ಮಗ್ಗದಲ್ಲಿ ಎಳೆ ನಿಲ್ಲಲ್ಲಮ್ಮ. ಮರ್ಯಾದೆಯಾಗಿ ನೇಯೋದು ಅಂದ್ರೆ ಇದೇನೇ. ನೀವೇ ತಾನೆ ಹೇಳಿದ್ದು?” ಎಂದರು. ಹೌದು, ನಾನೇ ಹೇಳಿದ್ದೆ, ನಿಮ್ಮ ಕೆಲಸದಲ್ಲಿ ತಪ್ಪಿಲ್ಲ ಎಂದೆ. ಆಗ ಮೆತ್ತಗಾಗಿ, ಗುಟ್ಟು ಬಿಟ್ಟುಕೊಟ್ಟರು: “ಕುದ್ಸಿದ್ರೆ ಅದು ಬಿಡಲ್ಲ. ಬೆಚ್ಚಗಿನ ನೀರಲ್ಲಿ ಒಂದಿನ ನೆನೆ ಹಾಕ್ಬಿಡಿ. ದೋಸೆ ಹಿಟ್ಟಿನ ಥರ ಹುಳಿ ಬರ್ಲಿ. ಆಮೇಲೆ ಹಿಂಡಿ ಜಾಲಿಸಿ, ಕೂತ್ಕೊಂಡಿರೋದೆಲ್ಲ ತಾನಾಗೇ ಬಿಡುತ್ತೆ.”

ಹಾಗೇ ಮಾಡಿದೆವು. ಓನರಮ್ಮನ ಮನೆಯ ಹಿತ್ತಲಿನ ತೊಟ್ಟಿಯೇ ನಮ್ಮ ಪ್ರಯೋಗಾಲಯ. ಅಲ್ಲಿ ನನ್ನ ಡಿಗ್ರಿಗೆ ಕವಡೆ ಕಿಮ್ಮತ್ತಿರಲಿಲ್ಲ, ಅವರು ಹೇಳಿದ್ದೇ ಕಾನೂನು. ಮಾರನೇ ದಿನ ತೊಟ್ಟಿಯಲ್ಲಿ ನೊರೆ ಎದ್ದು, ಹುಳಿ ವಾಸನೆ ಬೀದಿಗೆಲ್ಲ ಹಬ್ಬಿತು. ಐವರೂ ಸೀರೆ ಎತ್ತಿ ಕಟ್ಟಿ, ಒಗೆಯುವ ಕಲ್ಲಿಗೆ ಸೆಣಬನ್ನು ಬಡಿದು ಜಾಲಿಸಿದೆವು. ಅಯೋಡಿನ್ ಹನಿ ಬಿಟ್ಟೆ. ಕಂದು! ಓನರಮ್ಮ ಬಾಟಲಿ ಕಸಿದುಕೊಂಡು ತಾವೂ ಹತ್ತು ಕಡೆ ಹನಿ ಬಿಟ್ಟು ನೋಡಿದರು. ಎಲ್ಲ ಕಡೆ ಕಂದು. ಪಕ್ಕದ ಬಾಡಿಗೆ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ, “ಏನಕ್ಕ, ಗೋಣಿಚೀಲ ಮದ್ವೇಗ್ ರೆಡಿ ಮಾಡ್ತಿದೀರಾ?” ಎಂದರು. “ಊ ಕಣೆ, ನೀನೂ ಬಾ ಆರತಿ ಎತ್ತಕ್ಕೆ” ಎಂದು ಓನರಮ್ಮ ಬಾಯಿ ಮುಚ್ಚಿಸಿದರು. ಮಹಡಿಯ ಮೇಲೆ ಒಣಗಿಸಿ, ಸೆಣಬು ಗಾಳಿಯ ತೇವ ಕುಡಿಯುವ ಜಾತಿಯಾದ್ದರಿಂದ ಓವನ್ನಿನಲ್ಲಿ ಮತ್ತೊಮ್ಮೆ ಬಿಸಿ ಮಾಡಿ, ಬಿಸಿಯಿರುವಾಗಲೇ ರಾಳಕ್ಕೆ ಅದ್ದಿದೆವು. ಈ ಸಲ ಬಟ್ಟೆ ರಾಳವನ್ನು ಬಾಯಾರಿದ ದನದ ಹಾಗೆ ಕುಡಿಯಿತು.

ಪರೀಕ್ಷೆಯ ದಿನ ನಾಲ್ವರನ್ನೂ ಕರೆದುಕೊಂಡು ಹೋದೆ. ಹೆಂಗಸರೆಲ್ಲ ಯಾಕೆ ಎಂದು ಪ್ರಯೋಗಾಲಯದವರು ಕೇಳಿದರು. ಮಾಡಿದವರು ಇವರು, ನೋಡುವವರೂ ಇವರೇ ಎಂದೆ. ಓನರಮ್ಮ ಆ ದಿನ ಬೇಕೆಂದೇ ತಲೆಗೆ ಎಂದಿಗಿಂತ ಹೆಚ್ಚು ಎಣ್ಣೆ ಹಚ್ಚಿಕೊಂಡು ಬಂದಿದ್ದರು. ಹಣೆಯವರೆಗೂ ಇಳಿದಿತ್ತು. ನನ್ನ ಕಡೆ ಒಮ್ಮೆ ನೋಡಿ ತುರುಬು ಮುಟ್ಟಿಕೊಂಡರು. ನಾನು ತಲೆ ತಗ್ಗಿಸಿದೆ.

ಮುಳ್ಳು ಏರತೊಡಗಿತು. ಇನ್ನೂರು. ಇನ್ನೂರೈವತ್ತು. ಸದ್ದಿಲ್ಲ. ನಾನೂರಕ್ಕೆ ಯಜಮಾನರು ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದರು. ಐನೂರಕ್ಕೆ ಇನ್ಸ್‌ಪೆಕ್ಟರ್ ಬಗ್ಗಿ, ಹಲಗೆ ಎಷ್ಟು ಬಗ್ಗಿತೆಂದು ತೋರಿಸುವ, ಅಡಿಗಿಟ್ಟ ಅಳತೆಯ ಗಡಿಯಾರ ನೋಡಿ, “ಪಾಸ್” ಎಂದು ಬರೆಯಲು ಹೋದರು.

“ನಿಲ್ಲಿಸ್ಬೇಡಿ” ಎಂದೆ. “ಒತ್ತಿ. ಮುರಿಯೋವರೆಗೂ ಒತ್ತಿ.”

ಯಂತ್ರದವನು ಯಜಮಾನರ ಮುಖ ನೋಡಿದ. “ಆಕಿ ಹೇಳಿದಂಗ ಮಾಡಪ್ಪ” ಎಂದರು ಅವರು. ಆರುನೂರು. ಏಳುನೂರು. ಎಂಟುನೂರು ದಾಟಿದಾಗ ಇನ್ಸ್‌ಪೆಕ್ಟರ್ ಟೈ ಸಡಿಲಿಸಿಕೊಂಡರು. ಒಂಬೈನೂರರ ಹತ್ತಿರ ‘ಫಟ್’ ಎಂದು ಪಟಾಕಿ ಹೊಡೆದಂತೆ ಸದ್ದಾಯಿತು. ಹಲಗೆಯನ್ನು ತಿರುಗಿಸಿ ನೋಡಿದೆವು. ಕೆಳಗಿನ ಪ್ಲೈವುಡ್ ಸೀಳಿತ್ತು. ಗರಗಸದಿಂದ ಕೊಯ್ದು ಒಳಗೆ ನೋಡಿದರೆ ಸೆಣಬಿನ ಗೂಡುಗಳು ಒಂದಾದರೂ ಮಲಗಿರಲಿಲ್ಲ. ಮರ ಸೋತಿತ್ತು, ಗೋಣಿ ಸೋತಿರಲಿಲ್ಲ. ನಾನು ಕಿರುಚಿಬಿಟ್ಟೆ. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಅಷ್ಟು ಖುಷಿ ನನಗೆ ಡಿಗ್ರಿ ಬಂದಾಗಲೂ ಆಗಿರಲಿಲ್ಲ, ಮದುವೆಯಾದಾಗಲೂ ಆಗಲಿಲ್ಲ.

ಯಜಮಾನರು ಬಾಗಿಲಲ್ಲೇ ನಿಂತು, “ನಾಳೆಯಿಂದ ಇನ್ನೊಂದು ಪ್ರೆಸ್ಸು ಆ ಮೂಲಿಗೇ ಹಾಕಸ್ರಿ” ಎಂದರು. ಮೂಲೆ ಉಳಿಯಿತು.

ಎರಡು ತಿಂಗಳ ಮೇಲೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೆಲ ಜೋಡಿಸಿ ಮುಗಿಯಿತು. ನೋಡಿಕೊಂಡು ಬರೋಣವೆಂದು ಓನರಮ್ಮನನ್ನು ಕಂಪನಿಯ ವ್ಯಾನಿನಲ್ಲಿ ಕರೆದುಕೊಂಡು ಹೋದೆ. ಬೊಮ್ಮನಹಳ್ಳಿಯಿಂದ ಆಚೆಗೆ ಅವರು ಅದೇ ಮೊದಲ ಸಲ ಹೋಗಿದ್ದು. ಧೂಳು ಬರಬಾರದೆಂದು ಕಂಪ್ಯೂಟರ್ ಕೋಣೆಯ ಹೊರಗೆ ಎಲ್ಲರೂ ಚಪ್ಪಲಿ ಬಿಡುತ್ತಿದ್ದರು. ಓನರಮ್ಮ ಬರಿಗಾಲಿನಲ್ಲಿ ಒಳಗೆ ಬಂದು, ಹೊಸ್ತಿಲ ಹತ್ತಿರ ಬಗ್ಗಿ ನೆಲ ಮುಟ್ಟಿ, ಒಂದೊಂದು ಹಲಗೆಯ ನಡುವಿಗೂ ಹಿಮ್ಮಡಿ ಊರುತ್ತಾ ನಡೆದರು. ಸೆಕ್ಯೂರಿಟಿಯವನು ಹಿಂದಿನಿಂದ ಓಡಿಬಂದ.

“ಅಮ್ಮ, ಮಿಷನ್ ಹತ್ರ ಹೋಗ್ಬೇಡಿ.”

“ನಿನ್ ಮಿಷನ್ ನಂಗ್ಯಾಕಪ್ಪ? ನಾನ್ ನೆಲ ನೋಡಕ್ ಬಂದಿವ್ನಿ.”

ಆ ವಿಭಾಗದ ದೊಡ್ಡ ಅಧಿಕಾರಿ ಅಲ್ಲೇ ಇದ್ದರು. ಇದು ಎಲ್ಲಿಂದ ತರಿಸಿದ್ದು, ಯಾವ ದೇಶದ್ದು ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ಒಳಗೆ ಇರುವುದು ಸೆಣಬಿನ ಬಟ್ಟೆ ಎಂದೆ. ಅವರಿಗೆ ನಗು ಬರಲಿಲ್ಲ, ಗಾಬರಿಯಾಯಿತು. ತಾವು ನಿಂತಿದ್ದ ಹಲಗೆಯನ್ನು ನೋಡಿಕೊಂಡು, ಮೆಲ್ಲಗೆ ಅದರ ಅಂಚಿಗೆ, ಕಬ್ಬಿಣದ ಕಾಲು ಇರುವ ಕಡೆಗೆ ಸರಿದರು.

ಇಂಗ್ಲಿಷ್ ಬಾರದ ಓನರಮ್ಮನಿಗೆ ಅದು ಅರ್ಥವಾಯಿತು. ಅವರು ಹತ್ತಿರ ಹೋಗಿ, ಅಧಿಕಾರಿಯ ಮುಂದಿನ ಹಲಗೆಯ ನಟ್ಟನಡುವೆ ಎರಡೂ ಪಾದ ಜೋಡಿಸಿ ನಿಂತರು.

“ಇದ ಮಾಡ್ದೋರು ನಾವೇ ಸಾಮಿ. ಈ ಮೇಡಮ್ಮು, ನಾನು, ಇನ್ನೂ ಮೂರು ಜನ. ತೊಳ್ದು, ಒಣಗ್ಸಿ, ಅಂಟ್ಸಿ, ಮುರ್ದೂ ನೋಡಿದೀವಿ. ಅಂಚಲ್ಲಿ ಯಾಕ್ ನಿಂತ್ಕಂಡ್ರಿ, ನಡೂಕ್ ಬನ್ನಿ.”

ಅಧಿಕಾರಿ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ನಡುವಿಗೆ ಬಂದು ನಿಂತರು.